ಎಕ್ಸ್‌ಕ್ವೆರಿ: ಆರು ತಾಲ್ಲೂಕು ಸರಿ, ಕೊಪ್ಪಳ ಮಾತ್ರ ಅರ್ಧಕ್ಕೂ ಕಡಿಮೆ

ಕಿನ್ನಾಳ ದಾರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕಪತ್ರವನ್ನೂ ಮಾಹಿತಿಯನ್ನೂ ನೋಡಿಕೊಳ್ಳುತ್ತೇನೆ. ಈ ಸಲದ ಮುಂಗಾರು ಬಿತ್ತನೆಯ ಸಮೀಕ್ಷೆಯನ್ನು ಮೊಬೈಲಿನಲ್ಲಿ ಫಾರ್ಮ್ ತುಂಬಿಸುವ ಆ್ಯಪ್ ಆದ ಓಡಿಕೆ ಕಲೆಕ್ಟ್‌ನಲ್ಲಿ ಮಾಡಿಸಿದೆವು. ತುಂಬಿದ ಒಂದೊಂದು ಫಾರ್ಮೂ ಒಂದೊಂದು ಎಕ್ಸ್‌ಎಂಎಲ್ ಕಡತ, ಅಂದರೆ ಪ್ರತಿ ಉತ್ತರವೂ ಅದರ ಹೆಸರಿನ ಗುರುತುಗಳ ನಡುವೆ ಕುಳಿತಿರುವ ಪಠ್ಯ. ಎಕ್ಸೆಲ್‌ಗೆ ಇಳಿಸಿದರೆ ರೈತನ ಹೆಸರು ಒಂದು ಹಾಳೆಯಲ್ಲಿ, ಅವನ ಹೊಲಗಳು ಇನ್ನೊಂದು ಹಾಳೆಯಲ್ಲಿ ಬರುತ್ತವೆ. ಅದನ್ನು ಹೊಂದಿಸಿ ಬೇಸತ್ತು, ಕಡತಗಳನ್ನು ಬೇಸ್‌ಎಕ್ಸ್ ಎಂಬ ಎಕ್ಸ್‌ಎಂಎಲ್ ದತ್ತಾಂಶಕೋಶಕ್ಕೆ ಹಾಕಿ, ಅದರಿಂದ ಬೇಕಾದದ್ದನ್ನು ಕೇಳಿ ಪಡೆಯುವ ಎಕ್ಸ್‌ಕ್ವೆರಿ ಭಾಷೆ ಕಲಿಯುತ್ತಿದ್ದೇನೆ. ಕ್ವೆರಿ ಹೀಗಿದೆ (ಓದಲು ಅನುಕೂಲವಾಗಲೆಂದು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಓಡಿಸುವಾಗ ಕೀಲಿಪದಗಳು ಇಂಗ್ಲಿಷಿನಲ್ಲೇ ಇವೆ):

ಫಾರ್ $ರೈತ ಇನ್ ಕಲೆಕ್ಷನ್('ಮುಂಗಾರು')/ಡೇಟಾ
ವೇರ್ $ರೈತ/ತಾಲ್ಲೂಕು = 'ಕೊಪ್ಪಳ'
ರಿಟರ್ನ್ $ರೈತ/ಹೆಸರು

ಕಾಗದದ ಪಟ್ಟಿಯಲ್ಲಿ ಕೊಪ್ಪಳ ತಾಲ್ಲೂಕಿನ ರೈತರು 96. ಕ್ವೆರಿ ಕೊಡುವುದು 41. ಅದೇ ಜಾಗದಲ್ಲಿ ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕನಕಗಿರಿ, ಕಾರಟಗಿ, ಕುಕನೂರು ಎಂದು ಹಾಕಿದರೆ ಲೆಕ್ಕ ಸರಿಯಾಗಿ ಬರುತ್ತದೆ. ಬಿಟ್ಟುಹೋದ ಕಡತಗಳನ್ನು ತೆರೆದು ನೋಡಿದರೆ ಅಲ್ಲಿಯೂ ‘ಕೊಪ್ಪಳ’ ಎಂದೇ ಇದೆ. ಹಳೆಯ ಸದಸ್ಯರ ಊರು, ತಾಲ್ಲೂಕು ನಮ್ಮ ಸದಸ್ಯರ ಪಟ್ಟಿಯಿಂದ ತಾನಾಗಿ ತುಂಬಿಕೊಳ್ಳುತ್ತವೆ. ಹೊಸಬರದನ್ನು ಹುಡುಗರು ಮೊಬೈಲಿನಲ್ಲಿ ಟೈಪ್ ಮಾಡಿದ್ದಾರೆ.

ಸಿಂಧನೂರು ಕಾಲುವೆ:

ನೇಮ್‌ಸ್ಪೇಸ್ ನೋಡಿ ಮೇಡಂ, ಅಂದರೆ ಅಂಶಗಳ ಹೆಸರಿಗೆ ಅಂಟಿಕೊಳ್ಳುವ ಮನೆತನದ ಹೆಸರಿನಂಥದ್ದು. ಫಾರ್ಮಿನ ಮೂಲ ಅಂಶಕ್ಕೆ ಪೂರ್ವನಿಯೋಜಿತ ನೇಮ್‌ಸ್ಪೇಸ್ ಇದ್ದರೆ ಬರೀ ‘ಡೇಟಾ’ ಎಂದು ಕೇಳಿದಾಗ ಏನೂ ಸಿಗುವುದಿಲ್ಲ, ತಪ್ಪು ಸಂದೇಶವೂ ಬರುವುದಿಲ್ಲ. ನಕ್ಷತ್ರ ಚಿಹ್ನೆ ಮತ್ತು ವಿಸರ್ಗದಂಥ ಎರಡು ಚುಕ್ಕಿ ಸೇರಿಸಿ ‘*:ಡೇಟಾ’ ಎಂದು ಹಾಕಿ. ಹೊಸದಾಗಿ ಕಲಿಯುವವರೆಲ್ಲ ಮೊದಲು ಎಡವುವುದು ಇಲ್ಲೇ.

ಕಿನ್ನಾಳ ದಾರಿ:

ಹಾಕಿ ನೋಡಿದೆ ಸರ್, ಅದೇ 41. ನೇಮ್‌ಸ್ಪೇಸ್ ತೊಂದರೆಯಾಗಿದ್ದರೆ ಕುಷ್ಟಗಿಯೂ ಸೊನ್ನೆಯಾಗಬೇಕಿತ್ತಲ್ಲವೇ? ಹಿಂದೆ ಮುಂದೆ ಖಾಲಿ ಜಾಗ ಇರಬಹುದೆಂದು ನಾರ್ಮಲೈಜ್-ಸ್ಪೇಸ್() ಕೂಡ ಬಳಸಿದೆ. ಅದರಿಂದಲೂ ಏನೂ ಬದಲಾಗಲಿಲ್ಲ.

ಕುರುಗೋಡು ಕೋಟೆ:

ಮೇಡಂ, ಸದಸ್ಯರ ಪಟ್ಟಿ ಮೊದಲು ಹಳೆಯ ಆಸ್ಕಿ ಫಾಂಟಿನಲ್ಲಿದ್ದು (ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು) ಆಮೇಲೆ ಯುನಿಕೋಡ್‌ಗೆ (ಕನ್ನಡದ ಪ್ರತಿ ಚಿಹ್ನೆಗೂ ತನ್ನದೇ ಸಂಖ್ಯೆ ಇರುವ ಪದ್ಧತಿ) ಪರಿವರ್ತನೆಯಾದದ್ದೇ? ಹೌದಾದರೆ ಕ್ವೆರಿಯನ್ನು ಇನ್ನು ಮುಟ್ಟಬೇಡಿ. ಒಳಗೆ ಬಂದ ಮತ್ತು ಹೊರಗುಳಿದ ಒಂದೊಂದು ಕಡತ ತೆಗೆದುಕೊಂಡು, ಎರಡರ ತಾಲ್ಲೂಕಿನ ಮೇಲೂ, ಒಂದೊಂದು ಚಿಹ್ನೆಯ ಯುನಿಕೋಡ್ ಸಂಖ್ಯೆ ತೋರಿಸುವ ಸ್ಟ್ರಿಂಗ್-ಟು-ಕೋಡ್‌ಪಾಯಿಂಟ್ಸ್() ಓಡಿಸಿ, ಬಂದ ಸಂಖ್ಯೆಗಳನ್ನು ಇಲ್ಲಿ ಹಾಕಿ.

ಕಿನ್ನಾಳ ದಾರಿ:

ಹೌದು ಸರ್, ಪಟ್ಟಿ ಹಳೆಯ ಫಾಂಟಿನದೇ.

ಒಳಗೆ ಬಂದದ್ದು: 3221 3274 3242 3277 3242 3251
ಹೊರಗುಳಿದದ್ದು: 3221 3270 3266 3242 3277 3242 3251

ಒಂದರಲ್ಲಿ ಆರು, ಇನ್ನೊಂದರಲ್ಲಿ ಏಳು! ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಕುರುಗೋಡು ಕೋಟೆ:

ಕಳ್ಳ ಸಿಕ್ಕಿದ. 3274 ಎಂದರೆ ‘ೊ’ ಎಂಬ ಒಂದೇ ಚಿಹ್ನೆ. ಇನ್ನೊಂದು ಕಡತದಲ್ಲಿ ಅದರ ಬದಲು 3270 ಮತ್ತು 3266, ಅಂದರೆ ಎತ್ವ ಮತ್ತು ಊಕಾರದ ಕೊಂಬು ಬೇರೆಬೇರೆಯಾಗಿ ಕುಳಿತಿವೆ. ಇವೆರಡೂ ಸಮಾನ ಎಂದು ಯುನಿಕೋಡ್ ಹೇಳುತ್ತದೆ, ಆದ್ದರಿಂದಲೇ ಫಾಂಟ್ ಎರಡನ್ನೂ ಒಂದೇ ರೀತಿ ಬರೆದು ತೋರಿಸುತ್ತದೆ. ಎಕ್ಸ್‌ಕ್ವೆರಿಯ ‘=’ ಹಾಗಲ್ಲ. ಬೇರೆ ಹೇಳದಿದ್ದರೆ ಅದು ಕೋಡ್ ಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸುತ್ತದೆ, ಎರಡನೆಯ ಸಂಖ್ಯೆಯಲ್ಲೇ ‘ಬೇರೆ’ ಎಂದು ಕೈಬಿಡುತ್ತದೆ.

ಕೊಪ್ಪಳ ಒಂದೇ ಏಕೆ ಸಿಕ್ಕಿಬಿತ್ತು ಎಂದರೆ, ಕನ್ನಡದಲ್ಲಿ ಹೀಗೆ ಒಡೆದು ಬರೆಯಬಹುದಾದ ಸ್ವರಚಿಹ್ನೆಗಳು ಐದೇ: ೀ, ೇ, ೈ, ೊ, ೋ. ನಿಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಅಕ್ಷರ ಅಕ್ಷರ ಓದಿ ನೋಡಿ, ಇವುಗಳಲ್ಲಿ ಒಂದಾದರೂ ಇರುವುದು ಕೊಪ್ಪಳದಲ್ಲಿ ಮಾತ್ರ. ರಾಯಚೂರು ಜಿಲ್ಲೆಯವರಾಗಿದ್ದರೆ ದೇವದುರ್ಗ ಕೈಕೊಡುತ್ತಿತ್ತು. ಬಳ್ಳಾರಿಯಲ್ಲಾದರೆ ನಮ್ಮ ಕುರುಗೋಡು. ನನಗೆ ಈ ರೋಗದ ಪರಿಚಯವಿರುವುದೂ ಅದರಿಂದಲೇ ಅನ್ನಿ.

ಮದ್ದು ಒಂದೇ ಸಾಲು:

ವೇರ್ ನಾರ್ಮಲೈಜ್-ಯುನಿಕೋಡ್($ರೈತ/ತಾಲ್ಲೂಕು) = ನಾರ್ಮಲೈಜ್-ಯುನಿಕೋಡ್('ಕೊಪ್ಪಳ')

ಈ ಫಂಕ್ಷನ್ ಒಡೆದ ಚಿಹ್ನೆಗಳನ್ನು ಕೂಡಿಸಿ ಒಂದು ಮಾಡುತ್ತದೆ. ಬಲಗಡೆಯದನ್ನೂ ಅದರೊಳಗೆ ಹಾಕುವುದು ಮರೆಯಬೇಡಿ, ನಾಳೆ ಇನ್ಯಾರೋ ಹಳೆಯ ಪಟ್ಟಿಯಿಂದಲೇ ಹೆಸರನ್ನು ನಕಲಿಸಿ ಕ್ವೆರಿಗೆ ಅಂಟಿಸುತ್ತಾರೆ. ಮುಂದಿನ ಫಾರ್ಮಿನಲ್ಲಂತೂ ತಾಲ್ಲೂಕನ್ನು ಟೈಪ್ ಮಾಡಿಸಲೇಬೇಡಿ. ಆಯ್ಕೆಯ ಪಟ್ಟಿ ಕೊಟ್ಟು, ಕಣ್ಣಿಗೆ ಕಾಣುವ ಹೆಸರು ಕನ್ನಡದಲ್ಲಿರಲಿ, ಒಳಗೆ ಉಳಿಯುವ ಸಂಕೇತ ಇಂಗ್ಲಿಷಿನ ಮೂರಕ್ಷರವಾಗಿರಲಿ.

ಕಿನ್ನಾಳ ದಾರಿ:

94 ಬಂತು! ಉಳಿದ ಎರಡರಲ್ಲಿ ಕೊನೆಗೆ 8203 ಎಂಬ ಸಂಖ್ಯೆ ಇದೆ.

ಕುರುಗೋಡು ಕೋಟೆ:

ಅದು ಅಗಲವೇ ಇಲ್ಲದ ಖಾಲಿ ಜಾಗ. ಎಲ್ಲಿಂದಲೋ ನಕಲಿಸಿ ಅಂಟಿಸಿದಾಗ ಜೊತೆಗೆ ಬಂದಿರುತ್ತದೆ, ನಾರ್ಮಲೈಜ್-ಸ್ಪೇಸ್ ಅದನ್ನು ಮುಟ್ಟುವುದಿಲ್ಲ. ಟ್ರಾನ್ಸ್‌ಲೇಟ್() ಬಳಸಿ ಕೋಡ್‌ಪಾಯಿಂಟ್ಸ್-ಟು-ಸ್ಟ್ರಿಂಗ್(8203) ಅನ್ನು ಅಳಿಸಿ. ಊರಿನ ಹೆಸರುಗಳಲ್ಲಿ ಅಕ್ಷರಗಳನ್ನು ಬಿಡಿಸುವ, ಕೂಡಿಸುವ ಕಾಣದ ಗುರುತುಗಳಾದ 8204, 8205 ಕೂಡ ಸಿಗಬಹುದು.

ಸಿಂಧನೂರು ಕಾಲುವೆ:

ನನ್ನ ಊಹೆ ನೀರಿಗೆ ಬಿತ್ತು, ಇರಲಿ. ಇನ್ನೊಂದು ಎಚ್ಚರಿಕೆ. ಭತ್ತ ಹಾಕದ ರೈತರನ್ನು ಹುಡುಕುವಾಗ $ರೈತ/ಹೊಲ/ಬೆಳೆ != 'ಭತ್ತ' ಎಂದು ಬರೆಯಬೇಡಿ. ಕಾರಟಗಿಯ ರೈತನೊಬ್ಬ ಎರಡು ಹೊಲದಲ್ಲಿ ಭತ್ತ ನಾಟಿ ಮಾಡಿ ಒಂದರಲ್ಲಿ ಸೂರ್ಯಕಾಂತಿ ಹಾಕಿದ್ದರೆ ಅವನೂ ಬಂದುಬಿಡುತ್ತಾನೆ. ಒಂದೇ ಒಂದು ಹೊಲದ ಬೆಳೆ ಬೇರೆಯಿದ್ದರೂ ಆ ಷರತ್ತು ನಿಜವಾಗುತ್ತದೆ. ನಾಟ್($ರೈತ/ಹೊಲ/ಬೆಳೆ = 'ಭತ್ತ') ಎಂದು ಬರೆಯಿರಿ.

ಕಿನ್ನಾಳ ದಾರಿ:

ಒಳ್ಳೆಯದಾಯಿತು ಸರ್, ನಾನು ಬರೆಯಲು ಹೊರಟದ್ದು ಅದನ್ನೇ. ಇನ್ನೊಂದು ಕೇಳುತ್ತೇನೆ. ವಿಸ್ತೀರ್ಣದ ಮೊತ್ತ ಕಾಗದದ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ. ಎರಡು ಎಕರೆ ಹತ್ತು ಗುಂಟೆಯನ್ನು ಹುಡುಗರು 2.10 ಎಂದು ಒತ್ತಿದ್ದಾರೆ, ಪಹಣಿ ನೋಡಿ ರೂಢಿಯಾದದ್ದು. ಆದರೆ ಕಡತದಲ್ಲಿ 2.1 ಎಂದಿದೆ.

ಕುರುಗೋಡು ಕೋಟೆ:

ಇದು ಮೊದಲಿನದಕ್ಕಿಂತ ಕಷ್ಟದ್ದು. ಎಕರೆಗೆ 40 ಗುಂಟೆ. 2.10ಕ್ಕೆ 1.30 ಕೂಡಿಸಿದರೆ ನಿಜವಾಗಿ ಬರುವುದು ನಾಲ್ಕು ಎಕರೆ, ಸಮ್() ಕೊಡುವುದು 3.4. ಬಿಂದುವಿನ ಬಳಿ ಟೋಕನೈಜ್() ಮಾಡಿ, ಮೊದಲ ತುಂಡನ್ನು 40ರಿಂದ ಗುಣಿಸಿ, ಎರಡನೆಯದನ್ನು ಸೇರಿಸಿ ಗುಂಟೆಗೆ ತರಬಹುದು. ಎರಡನೆಯ ತುಂಡೇ ಇಲ್ಲದಿದ್ದರೆ ನಂಬರ್() ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಕೊಡುತ್ತದೆ, ಮೊತ್ತದಲ್ಲಿ ಅಂಥದ್ದು ಒಂದು ಸೇರಿದರೂ ಇಡೀ ಮೊತ್ತ ನ್ಯಾನ್.

ಆದರೆ ಫಾರ್ಮಿನಲ್ಲಿ ವಿಸ್ತೀರ್ಣದ್ದು ದಶಮಾಂಶದ ಪ್ರಶ್ನೆಯಾದ್ದರಿಂದ ಕೊನೆಯ ಸೊನ್ನೆ ಉಳಿದಿಲ್ಲ. 2.1 ಎಂದರೆ ಒಂದು ಗುಂಟೆಯೋ ಹತ್ತೋ? 2.5 ಐದು ಗುಂಟೆಯೋ, ಎರಡೂವರೆ ಎಕರೆಯೋ? ಕಳೆದುಹೋದದ್ದನ್ನು ಯಾವ ಕ್ವೆರಿಯೂ ತಂದುಕೊಡುವುದಿಲ್ಲ. ಯಾರು ಹೇಗೆ ಬರೆದಿದ್ದಾರೆ ಎಂಬುದನ್ನು ಮಾತ್ರ ಕಂಡುಹಿಡಿಯಬಹುದು. ಫಾರ್ಮ್ ತುಂಬಿದವರ ಹೆಸರಿನ ಮೇಲೆ, ಗುಂಪು ಮಾಡಿಕೊಡುವ ಗ್ರೂಪ್ ಬೈ ಹಾಕಿ, ಪ್ರತಿಯೊಬ್ಬರ ಎರಡನೆಯ ತುಂಡುಗಳನ್ನು ಪಟ್ಟಿ ಮಾಡಿ. ಒಬ್ಬನ ಪಟ್ಟಿಯಲ್ಲಿ 75 ಕಂಡರೆ ಅವನು ಮುಕ್ಕಾಲು ಎಕರೆಯ ಲೆಕ್ಕದವನು, ಏಕೆಂದರೆ ಗುಂಟೆ 39 ದಾಟುವುದಿಲ್ಲ. ನಿಮ್ಮ ಪಾಠದ ಪುಸ್ತಕ ಎಕ್ಸ್‌ಕ್ವೆರಿಯ 2007ರ 1.0 ಆವೃತ್ತಿಯದಾಗಿದ್ದರೆ ಗ್ರೂಪ್ ಬೈ ಅದರಲ್ಲಿ ಇರುವುದಿಲ್ಲ. ಅದು ಬಂದದ್ದು 2014ರ 3.0ರಲ್ಲಿ, ಬೇಸ್‌ಎಕ್ಸ್‌ನಲ್ಲಿ ಓಡುತ್ತದೆ.

ಕಿನ್ನಾಳ ದಾರಿ:

ಪಟ್ಟಿ ತೆಗೆದೆ. ಒಬ್ಬ ಹುಡುಗ ಪೂರ್ತಿ ದಶಮಾಂಶದಲ್ಲೇ ಬರೆದಿದ್ದಾನೆ, ಅವನದು ಬಗೆಹರಿಯಿತು. ಮಿಕ್ಕವರ ಫಾರ್ಮುಗಳಲ್ಲಿ ಬಿಂದುವಿನ ಮುಂದೆ ಒಂದೇ ಅಂಕಿ ಇರುವವನ್ನು ಬೇರೆ ಮಾಡಿಕೊಂಡಿದ್ದೇನೆ, ಸೋಮವಾರ ಸರ್ವೆ ನಂಬರ್ ಹಿಡಿದು ಪಹಣಿಯ ಜೊತೆ ಒಂದೊಂದನ್ನೂ ತಾಳೆ ನೋಡಿಸುತ್ತೇನೆ. ಹಿಂಗಾರಿನ ಫಾರ್ಮಿನಲ್ಲಿ ಎಕರೆಗೊಂದು, ಗುಂಟೆಗೊಂದು ಪ್ರಶ್ನೆ ಇಟ್ಟಿದ್ದೇನೆ, ಗುಂಟೆಗೆ 39ರ ಮಿತಿ ಹಾಕಿದೆ.

ಕುರುಗೋಡು ಕೋಟೆ:

ಎರಡೂ ಪೂರ್ಣಾಂಕದ ಪ್ರಶ್ನೆಗಳಾಗಿರಲಿ. ಇಲ್ಲದಿದ್ದರೆ ಗುಂಟೆಯ ಜಾಗದಲ್ಲೂ ಯಾರಾದರೂ ಬಿಂದು ಒತ್ತುತ್ತಾರೆ.