ಫೈಬರ್ ಹಾಯಿದೋಣಿಯ ಅಡಿಯಲ್ಲಿ ಬಿರುಕು: ಪುಟ್ಟಿ ತುಂಬಿದರೆ ಸಾಕೇ?

ಪ್ರಶ್ನೆ (ಕೋಡಿಬೆಂಗ್ರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 14 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿಯೊಂದಿದೆ. ಮೇ ತಿಂಗಳ ಕೊನೆಯಲ್ಲಿ, ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಬಳಿ, ಇಳಿತದ ಹೊತ್ತಿನಲ್ಲಿ ದೋಣಿಯನ್ನು ದಡಕ್ಕೆ ತರುವಾಗ ನೀರಿನಡಿಯ ಮುರಕಲ್ಲು ತಗುಲಿ, ಮೂತಿಯಿಂದ ಸುಮಾರು 3 ಅಡಿ ಹಿಂದೆ ಒಂದು ಗೇಣು ಉದ್ದದ ಬಿರುಕು ಬಿದ್ದಿದೆ. ಉಗುರಿನ ತುದಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ನೀರು ಬಂದದ್ದು ಮಾತ್ರ ಕಾಣಲಿಲ್ಲ. ಎಪಾಕ್ಸಿ ಪುಟ್ಟಿ ತುಂಬಿ ಬಣ್ಣ ಬಳಿದರೆ ಸಾಕೆಂದು ಪರಿಚಯದವರೊಬ್ಬರು ಹೇಳಿದರು. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಲ್ಪೆಯಿಂದ)

ಪುಟ್ಟಿಯನ್ನು ಈಗಲೇ ತುಂಬಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದೆ ಎಂದರೆ ಮೇಲಿನ ಜೆಲ್‌ಕೋಟ್ (ಹೊಳಪಿನ ಹೊರಲೇಪ) ಮಾತ್ರವಲ್ಲದೆ ಅದರ ಕೆಳಗಿನ ಗಾಜಿನ ನಾರೂ ಕಡಿದಿರುವ ಸಂಭವವಿದೆ. ದೋಣಿಗೆ ಬಲ ಕೊಡುವುದು ಆ ನಾರೇ ಹೊರತು ಪುಟ್ಟಿಯಲ್ಲ. ಮೊದಲು ನಾಣ್ಯದ ಅಂಚಿನಿಂದ ಬಿರುಕಿನ ಸುತ್ತ ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಸದ್ದು ಚುರುಕಾಗಿ ಕೇಳುತ್ತದೆ; ಪದರ ಬಿಟ್ಟುಕೊಂಡ ಕಡೆ ಹಣ್ಣಾದ ಹಲಸನ್ನು ತಟ್ಟಿದಂತೆ ಮಂಕಾಗುತ್ತದೆ. ಆ ಮಂಕು ಜಾಗದ ಎಲ್ಲೆಯನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ, ನೀವು ತೆಗೆಯಬೇಕಾದದ್ದು ಅಷ್ಟನ್ನೂ.

ಗ್ರೈಂಡರ್ ಹಿಡಿಯುವ ಮೊದಲು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಇಲ್ಲವಾದರೆ ಮೇಲಿನ ಮೇಣ ಮತ್ತು ಎಣ್ಣೆಯ ಅಂಶ ಉಜ್ಜುವಾಗ ನಾರಿನೊಳಕ್ಕೆ ಹೋಗುತ್ತದೆ. ಅಂಚನ್ನು ನೆಟ್ಟಗೆ ಕತ್ತರಿಸದೆ, ಬಸಿಯ ಒಳಬದಿಯಂತೆ ಇಳಿಜಾರಾಗಿ ಉಜ್ಜಬೇಕು. ದಪ್ಪದ 12 ಪಟ್ಟು ಅಗಲ ಎಂಬುದು ಲೆಕ್ಕ; 4 ಮಿ.ಮೀ. ದಪ್ಪದ ಅಡಿಗೆ ಬಿರುಕಿನ ಒಂದೊಂದು ಬದಿಗೂ ಹತ್ತಿರ ಹತ್ತಿರ 5 ಸೆಂ.ಮೀ. ಆಯಿತು. ಗೆರೆಯಷ್ಟಿದ್ದದ್ದು ಅಂಗೈ ಅಗಲವಾದದ್ದನ್ನು ಕಂಡು ಹೆದರಬೇಡಿ, ಹೊಸ ನಾರು ಹಳೆಯದನ್ನು ಹಿಡಿದುಕೊಳ್ಳುವುದು ಆ ಇಳಿಜಾರಿನ ಮೇಲೆಯೇ. ಆಮೇಲೆ ಸಿಹಿನೀರಿನಿಂದ ಹಲವು ಬಾರಿ ತೊಳೆಯಿರಿ, ಏಕೆಂದರೆ ಒಳಗೆ ಉಳಿದ ಉಪ್ಪು ತೇವವನ್ನು ಎಳೆಯುತ್ತಲೇ ಇರುತ್ತದೆ. ಮಳೆಗಾಲದ ಗಾಳಿಯಲ್ಲಿ, ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸಿದ ಗಾಜಿನ ನಾರಿನ ಪದರ ಹಾಕಿದರೆ ಹಿಡಿತದ ಭರವಸೆಯಿಲ್ಲ. ದೋಣಿಯನ್ನು ಮಾಡಿನ ಕೆಳಗೆ ಮಗುಚಿ ಒಣಗಲು ಬಿಟ್ಟು, ಪದರದ ಕೆಲಸವನ್ನು ಅಕ್ಟೋಬರಿನ ನಂತರ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಪಾಲಿಯೆಸ್ಟರ್ ರೆಸಿನ್ ಕೊಳ್ಳುವಾಗ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಮತ್ತು ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಬೇರೆ ಬೇರೆ ಬಾಟಲಿಯಲ್ಲಿ ಬಂದರೆ, ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲಷ್ಟೇ ಹಾರ್ಡನರ್ ಸೇರಿಸಬೇಕು. ಕೋಬಾಲ್ಟ್ ಮತ್ತು ಹಾರ್ಡನರನ್ನು ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹಾರ್ಡನರಿನ ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ರಕ್ಷಣಾ ಕನ್ನಡಕ ಮತ್ತು ಮಾಸ್ಕ್ ಇಲ್ಲದೆ ಕೆಲಸಕ್ಕೆ ಕೈಹಾಕಬೇಡಿ.

ಉತ್ತರ (ಸೌತಾಂಪ್ಟನ್‌ನಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ರೆಸಿನ್ ವಿಷಯದಲ್ಲಿ ಮಾತ್ರ ನನ್ನ ಆಯ್ಕೆ ಎಪಾಕ್ಸಿ. ಎಂದೋ ಗಟ್ಟಿಯಾದ ಹಳೆಯ ಪಾಲಿಯೆಸ್ಟರಿನ ಮೇಲೆ ಹೊಸ ಪಾಲಿಯೆಸ್ಟರಿಗಿಂತ ಅದು ಬಲವಾಗಿ ಅಂಟುತ್ತದೆ. ಆದರೆ ಅದರೊಂದಿಗೆ ಸಾಮಾನ್ಯ ಮ್ಯಾಟ್ (ಗಾಜಿನ ತುಂಡು ಎಳೆಗಳನ್ನು ಅಂಟಿಸಿ ಮಾಡಿದ ಹಾಸು) ಬೇಡ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇರುವುದಿಲ್ಲ. ಆದ್ದರಿಂದ ನೇಯ್ದ ಗಾಜಿನ ಬಟ್ಟೆಯನ್ನೇ ತನ್ನಿ. ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಜಿಡ್ಡು ಕಾಣಿಸಿದರೆ ಮೊದಲು ನೀರು ಹಾಕಿ ಉಜ್ಜಿ ತೊಳೆಯಿರಿ, ನಂತರ ಮರಳುಕಾಗದ ಬಳಸಿ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ಕೆಲವೊಮ್ಮೆ ಅಂಟಂಟಾಗಿಯೇ ಉಳಿಯುವುದರಿಂದ, ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣ ನಿಮಗೆ ಸುಲಭವಾದೀತು. ನಿಮ್ಮಲ್ಲಿನ ಸೆಕೆಗೆ ಕಲಸಿದ ರೆಸಿನ್ ಲೋಟದಲ್ಲೇ ಕಾದು ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ.

ಮರುಪ್ರಶ್ನೆ (ಕೋಡಿಬೆಂಗ್ರೆಯಿಂದ)

ಇಬ್ಬರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ನಾಣ್ಯದಿಂದ ತಟ್ಟಿ ನೋಡಿದೆ. ಬಿರುಕು ಒಂದು ಗೇಣಾದರೂ ಮಂಕು ಸದ್ದು ಮೂತಿಯ ಕಡೆಗೆ ಇನ್ನೂ ನಾಲ್ಕು ಬೆರಳು ಮುಂದುವರಿದಿದೆ. ಮುಂಭಾಗದ ಗಾಳಿಪೆಟ್ಟಿಗೆಯ (ನೀರು ತುಂಬಿದರೂ ದೋಣಿ ಮುಳುಗದಂತೆ ತೇಲಿಸುವ ಖಾನೆ) ಮುಚ್ಚಳ ತೆಗೆದು ಕೈಹಾಕಿದಾಗ ಒಳಗಿನ ಫೋಮ್ ಒದ್ದೆಯಾಗಿತ್ತು, ನಾಲಗೆಗೆ ಉಪ್ಪು ಹತ್ತಿತು. ಒದ್ದೆಯಾದ ಫೋಮನ್ನು ಪೂರ್ತಿ ಕತ್ತರಿಸಿ ತೆಗೆಯಬೇಕೇ?

ಉತ್ತರ (ಮಲ್ಪೆಯಿಂದ)

ಹೌದು, ಒದ್ದೆಯಾದಷ್ಟನ್ನೂ ತೆಗೆಯಿರಿ, ಅದು ತಾನಾಗಿ ಒಣಗುವುದಿಲ್ಲ. ತೆಗೆದರೆ ಒಳಬದಿಯಿಂದಲೂ ಒಂದು ಪದರ ಹಾಕಲು ದಾರಿಯಾಗುತ್ತದೆ. ಹೊಸ ಫೋಮ್ ತುಂಬದೆ ದೋಣಿಯನ್ನು ನೀರಿಗಿಳಿಸಬೇಡಿ.