ಪದಚರ್ಚೆ: ‘ಸ್ಟಾಕಿಂಗ್’ ಅನ್ನುವುದಕ್ಕೆ ‘ಹಿಂಬಾಲಿಸುವುದು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಬಿಎಂಟಿಸಿ ಕಂಡಕ್ಟರ್‌ಗಳಿಗೂ, ನಾಡಕಚೇರಿಯ ಕೌಂಟರಿನಲ್ಲಿ ಕೂರುವವರಿಗೂ ಓದಿದ ಕೂಡಲೇ ಅರ್ಥವಾಗಬೇಕು. ಬೇಡವೆಂದರೂ ಬಿಡದೆ ಹೆಣ್ಣಿನ ಹಿಂದೆ ಬೀಳುವ ‘ಸ್ಟಾಕಿಂಗ್’ (stalking) ಅನ್ನುವಲ್ಲಿ ತಡೆದು ನಿಂತಿದ್ದೇವೆ.

‘ಹಿಂಬಾಲಿಸುವುದು’ ಎಂದು ಬರೆಯುವುದು ರೂಢಿ. ನನಗೆ ಅದು ಸಾಲದು ಅನಿಸುತ್ತದೆ. ಆ ಮಾತು ಕೇಳಿದರೆ ರಸ್ತೆಯಲ್ಲಿ ಹಿಂದೆ ಹಿಂದೆ ಬರುವವನಷ್ಟೇ ಕಣ್ಣಿಗೆ ಬರುತ್ತಾನೆ. ಕಾನೂನಿನಲ್ಲಿ ಇನ್ನೂ ಜಾಸ್ತಿ ಇದೆ. 2013ರಲ್ಲಿ ಐಪಿಸಿಗೆ, ಅಂದರೆ ಆಗಿನ ಭಾರತೀಯ ದಂಡ ಸಂಹಿತೆಗೆ, ಕಲಂ 354ಡಿ ಸೇರಿತು. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ ಕಲಂ 78. ಹೆಣ್ಣುಮಗಳು ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಸಲಿಗೆ ಬೆಳೆಸಲು ಮತ್ತೆ ಮತ್ತೆ ಸಂಪರ್ಕಿಸಲು ನೋಡಿದರೆ ಅದು ಅಪರಾಧ. ಅವಳ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಟ್ಟರೂ ಅಪರಾಧ. ಮೊದಲ ಸಲ 3 ವರ್ಷದವರೆಗೆ ಜೈಲು ಮತ್ತು ದಂಡ, ಜಾಮೀನು ಸಿಗುತ್ತದೆ. ಶಿಕ್ಷೆಯಾದವನು ಮತ್ತೆ ಮಾಡಿದರೆ 5 ವರ್ಷದವರೆಗೆ, ಜಾಮೀನುರಹಿತ.

‘ಬೆನ್ನು ಬೀಳುವುದು’ ಹೇಗೆ ಎಂದು ಒಬ್ಬರು ಕೇಳಿದರು. ಕಚೇರಿಯಲ್ಲಿ ಅದೇ ತೊಡಕು. ‘ಬೆನ್ನು ಬಿದ್ದು ಖಾತೆ ಮಾಡಿಸಿಕೊಂಡೆ’ ಎಂದು ಜನ ಹೆಮ್ಮೆಯಿಂದಲೇ ಹೇಳುತ್ತಾರೆ. ‘ನನ್ನ ಅರ್ಜಿ ಏನಾಯ್ತು ಮೇಡಂ’ ಎಂದು ದಿನಾ ಬಂದು ಕೇಳುವುದು ಅವರ ಹಕ್ಕು. ಅದೇ ಮನುಷ್ಯ ‘ನಿಮ್ಮ ಮನೆ ಎಲ್ಲಿ, ನಿನ್ನೆ ರಾತ್ರಿ ಯಾಕೆ ಫೋನ್ ಎತ್ತಲಿಲ್ಲ’ ಎಂದು ಶುರು ಮಾಡಿದರೆ ಕಥೆಯೇ ಬೇರೆ. ಕೌಂಟರಿನಲ್ಲಿ ಕೂತವಳು ಎದ್ದು ಹೋಗುವ ಹಾಗಿಲ್ಲ. ಕಂಡಕ್ಟರ್ ಬಸ್ಸಿನಿಂದ ಇಳಿಯುವ ಹಾಗಿಲ್ಲ. ಆದ್ದರಿಂದ ಈ ಎರಡನ್ನೂ ಬೇರೆ ಮಾಡಿ ತೋರಿಸುವ ಮಾತು ಬೇಕು, ಅಲ್ವಾ?

ಸದ್ಯಕ್ಕೆ ನನ್ನ ಒಲವು ‘ಬೆಂಬಿಡದ ಕಾಟ’ ಅನ್ನುವುದರ ಕಡೆಗೆ. ಬೇಡ ಅಂದರೂ ಬಿಡುತ್ತಿಲ್ಲ ಅನ್ನುವುದು ಅದರಲ್ಲಿದೆ. ಫೋನು, ಮೆಸೇಜಿಗೂ ಒಪ್ಪುತ್ತದೆ. ಕಾಟ ಅಂದರೆ ಹಗುರವಾಯಿತು, ‘ಬೆಂಬಿಡದ ಕಿರುಕುಳ’ ಇರಲಿ ಎನ್ನುವವರೂ ಇದ್ದಾರೆ. ನನಗಿರುವ ಅಳುಕು ಒಂದೇ. ‘ಕಿರುಕುಳ’ ಎಂದ ತಕ್ಷಣ ಲೈಂಗಿಕ ಕಿರುಕುಳದ ದೂರು ಕೇಳುವ ಕಚೇರಿಯ ಆಂತರಿಕ ದೂರು ಸಮಿತಿಯಷ್ಟೇ ನೆನಪಾಗುತ್ತದೆ. ಕಾಟ ಕೊಡುವವನು ಸಹೋದ್ಯೋಗಿಯಾದರೆ 3 ತಿಂಗಳೊಳಗೆ ಅಲ್ಲಿಗೆ ದೂರು ಕೊಡಬೇಕು, ನಿಜ. ಆದರೆ ಪೊಲೀಸ್ ಠಾಣೆಯ ದಾರಿಯೂ ತೆರೆದೇ ಇರುತ್ತದೆ. ಹೊರಗಿನವನಾದರೂ ಠಾಣೆಗೆ ಹೋಗಬಹುದು.

‘ಕರ್ತವ್ಯಕ್ಕೆ ಅಡ್ಡಿ’ ಅನ್ನುವುದನ್ನೂ ಇದಕ್ಕೆ ಬೆರೆಸಬಾರದು. ಅದೇ ನ್ಯಾಯ ಸಂಹಿತೆಯ ಕಲಂ 132 ಬರುವುದು ಕರ್ತವ್ಯದಲ್ಲಿರುವ ನೌಕರರ ಮೇಲೆ ಕೈ ಮಾಡಿದಾಗ, ಬಲ ತೋರಿಸಿದಾಗ. ಅದು ಗಂಡಸರಿಗೂ ಅನ್ವಯಿಸುತ್ತದೆ. ಕಲಂ 78ರ ರಕ್ಷಣೆ ಇರುವುದು ಹೆಂಗಸರಿಗೆ ಮಾತ್ರ. ಗಂಡಸು ನೌಕರನಿಗೆ ಬೆದರಿಕೆ ಬಂದರೆ ಕಲಂ 351 ಇದೆ.

ನಿಮ್ಮ ಕಡೆ ಹೆಂಗಸರು ತಮ್ಮತಮ್ಮಲ್ಲೇ ಮಾತಾಡುವಾಗ ಇದಕ್ಕೆ ಏನನ್ನುತ್ತಾರೆ? ಕೋಲಾರ, ಮಂಡ್ಯ, ಧಾರವಾಡ, ಎಲ್ಲಿಯ ಮಾತಾದರೂ ಸರಿ. ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.