ಸಹಾಯ ಬೇಕು: ‘ಪ್ರೊಮೆನೇಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪ್ರವಾಸ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರೊಮೆನೇಡ್’ ಎಂಬ ಪದದ ಹತ್ತಿರ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ.

ಇದು ಫ್ರೆಂಚ್ ಮೂಲದ ಪದ. ನಾಲ್ಕು ಜನರ ನಡುವೆ, ಅವಸರವಿಲ್ಲದೆ, ನೋಡುತ್ತಾ ನೋಡಿಸಿಕೊಳ್ಳುತ್ತಾ ನಡೆಯುವುದು ಅಂತ ಅರ್ಥ. ಹಾಗೆ ನಡೆಯುವ ಜಾಗಕ್ಕೂ ಇದೇ ಹೆಸರು. ಫ್ರಾನ್ಸ್‌ನ ನೀಸ್ ನಗರದ ಕಡಲ ದಂಡೆಯಲ್ಲಿರುವ ‘ಪ್ರೊಮೆನಾದ್ ದೇಜ಼ಾಂಗ್ಲೆ’ ಅಂಥದ್ದೇ. ಹಡಗಿನಲ್ಲಿ ಪ್ರಯಾಣಿಕರು ಅಡ್ಡಾಡುವ ಅಟ್ಟಕ್ಕೂ ಈ ಪದ ಬಳಸುತ್ತಾರೆ. ಲಂಡನ್ನಿನಲ್ಲಿ 1895ರಲ್ಲಿ ಶುರುವಾದ ‘ಪ್ರಾಮ್ಸ್’ ಸಂಗೀತ ಕಛೇರಿಗಳ ಹೆಸರೂ ಇದರಿಂದಲೇ ಬಂದದ್ದು.

‘ವಾಯುವಿಹಾರ’ ಅಂದರೆ ಗಾಳಿ, ಆರೋಗ್ಯದ ಕಡೆ ವಾಲುತ್ತದೆ. ‘ತಿರುಗಾಟ’ದಲ್ಲಿ ಸುಮ್ನೆ ಅಲೆಯುವ ಛಾಯೆ ಜಾಸ್ತಿ, ಅಲ್ವಾ? ‘ಅಡ್ಡಾಟ’ ನನಗೆ ತುಂಬಾ ಇಷ್ಟ. ಆದರೆ ಅದರಲ್ಲಿ ಜನರ ನಡುವಿನ ಆ ಸಂಭ್ರಮ ಸಿಗುವುದಿಲ್ಲ. ಜಾಗಕ್ಕೆ ‘ವಿಹಾರ ದಾರಿ’ ಅಂತ ಬರೆದುಕೊಂಡಿದ್ದೇನೆ, ಓದಿದರೆ ಸರ್ಕಾರಿ ಫಲಕದಂತೆ ಕೇಳುತ್ತದೆ.

ನಡಿಗೆಗೂ ಜಾಗಕ್ಕೂ ಒಂದೇ ಪದ ಹೊಂದೀತೇ? ನಿಮ್ಮ ಮನೆಮಾತಿನಲ್ಲಿ, ಹಿರಿಯರ ಬಾಯಲ್ಲಿ ಇಂಥ ಪದ ಕೇಳಿದ್ದರೆ ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.